ಅಭಿಜಿತ್ ಪಕ್ಕದ ಚುಕ್ಕೆ

ಕೂತಲ್ಲಿ ಕಾಲು ಅಲ್ಲಾಡಿಸುವುದು ನೀತಾಳ ಚಿಕ್ಕಂದಿನ ರೂಢಿ. ೨೦೦೨ರಲ್ಲಿ ಅಭಿಜಿತ್ ನಕ್ಷತ್ರದ ಆ ಚಿತ್ರ ಬಂದ ಮೇಲೆ ಅದು ನಿಲ್ಲಲೇ ಇಲ್ಲ.

ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳ ಕೆಲಸ, ವಿದೇಶದ ದೂರದರ್ಶಕ ತೆಗೆದ ಚಿತ್ರಗಳನ್ನು ಶುದ್ಧಮಾಡುವುದು. ಅಭಿಜಿತ್ ನಕ್ಷತ್ರ ನಮಗೆ ಹತ್ತಿರದ್ದು, ಬಲು ಪ್ರಖರ. ಸುತ್ತ ಗ್ರಹವಿದ್ದರೂ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ದೂರದರ್ಶಕದೊಳಗೆ ಪುಟ್ಟ ಬಿಲ್ಲೆಯೊಂದನ್ನು ಅಡ್ಡವಿಟ್ಟು ನಕ್ಷತ್ರವನ್ನು ಮುಚ್ಚುತ್ತಾರೆ. ಉಳಿದ ಪ್ರಭೆಯನ್ನು ನೀತಾ ಕಂಪ್ಯೂಟರಿನಲ್ಲಿ ಕಳೆದಾಗ ಒಂದು ಮಸುಕು ಚುಕ್ಕೆ ಉಳಿಯಿತು. ಅಲ್ಲಿಯವರೆಗೆ ಬೇರೆ ನಕ್ಷತ್ರದ ಗ್ರಹದ ಚಿತ್ರವನ್ನು ಯಾರೂ ತೆಗೆದಿರಲಿಲ್ಲ.

ಚಿಂಚವಾಡದ ಮನೆಯಲ್ಲಿ, ಕಾರ್ಖಾನೆಯ ಗುಮಾಸ್ತಿಕೆಯಿಂದ ನಿವೃತ್ತನಾಗಿದ್ದ ತಂದೆ ಈರಣ್ಣ ಕೇಳಿದ: "ಅದು ಗ್ರಹ ಹೌದೋ ಅಲ್ಲೋ, ಹೆಂಗ ತಿಳೀತದವಾ?"

"ಪಿಂಪ್ರಿ ಸ್ಟೇಷನ್ದಾಗ ಒಬ್ಬಾಕಿ ನಿಂತಾಳ, ಬಾಜೂಕ ಒಂದು ಕೂಸು. ಅದು ಆಕೀದ ಅಂತ ಹೆಂಗ ಹೇಳ್ತೀ ಅಪ್ಪಾ?"

"ಲೋಕಲ್ ಬರಲಿ. ಆಕಿ ನಡದ್ರ ಕೂಸೂ ಬೆನ್ನು ಹತ್ತತದ."

"ಅಷ್ಟ. ಅಭಿಜಿತ್ ವರ್ಷಕ್ಕ ಒಂದೀಟು ಸರೀತದ. ಮುಂದಿನ ವರ್ಷ ಮತ್ತ ಚಿತ್ರ ತಗೀತಾರ. ಚುಕ್ಕಿನೂ ಸಂಗಾಟ ಸರದಿದ್ರ ಅದರದು. ಇಲ್ಲಂದ್ರ ಹಿಂದ ಭಾಳ ದೂರ ಇರೋ ಬ್ಯಾರೆ ನಕ್ಷತ್ರ."

ತಾಯಿ ಸಾವಂತ್ರವ್ವ ವರ್ಷ ಕಾಯಲಿಲ್ಲ. ಕೆಳಮನೆಯ ವಸಂತಿಬಾಯಿಗೆ ಪೇಢೆ ಕೊಟ್ಟು, ಮಗಳು ಗ್ರಹ ಕಂಡುಹಿಡಿದಳೆಂದು ಹೇಳಿಬಿಟ್ಟಳು. ಕಾಲೊನಿಯೆಲ್ಲ ವಿಚಾರಿಸತೊಡಗಿತು. ನೀತಾ ಮೆಟ್ಟಿಲಿಳಿಯಲೂ ಹಿಂಜರಿದಳು. ಮಳೆಗಾಲದ ಮೋಡದಲ್ಲಿ ಏನೂ ಕಾಣದೆಂದು ತಿಳಿದೂ ಮೇಲಿನ ಗಚ್ಚಿಗೆ ಹೋಗಿ ಆಕಾಶ ನೋಡಿಬರುತ್ತಿದ್ದಳು. ಕಚೇರಿಯಲ್ಲಿ ಹಳೆಯ ಚಿತ್ರವನ್ನೇ ಮತ್ತೆ ಅಳೆಯುತ್ತಿದ್ದಳು, ಅದು ಬದಲಾಗುವುದೇನೋ ಎಂಬಂತೆ.

ಮರುವರ್ಷದ ಚಿತ್ರ ಬಂತು. ಚುಕ್ಕೆ ಇತ್ತು. ಅಳೆದಳು. ಅಭಿಜಿತ್ ಸರಿದಿತ್ತು, ಚುಕ್ಕೆ ಇದ್ದಲ್ಲೇ ಇತ್ತು. ಚಿತ್ರದಲ್ಲಿ ದಿಕ್ಕು ಗುರುತಿಸುವುದರಲ್ಲಿ ತಪ್ಪಿರಬಹುದೆಂದು ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಅದೇ ಉತ್ತರ.

ಬಾಗಿಲಲ್ಲೇ ಈರಣ್ಣ ಅವಳ ಮುಖ ನೋಡಿದ. "ಕೂಸು ನಡೀಲಿಲ್ಲೇನು?"

"ಇಲ್ಲಪ್ಪಾ. ಬ್ಯಾರೆಯವರದು."

"ಈಗ ವಸಂತಿಗೆ ಏನ್ ಹೇಳೂದ್ರಿ?" ಎಂದಳು ಸಾವಂತ್ರವ್ವ ಗಂಡನಿಗೆ.

"ಪೇಢೆ ವಾಪಸ್ ಕೇಳು, ಹೋಗು."

"ನಾನ ಹೇಳ್ತೀನಿ," ಎಂದು ನೀತಾ ಕೆಳಗಿಳಿದಳು.

ವಸಂತಿಬಾಯಿ ಕಪ್ಪಿನಿಂದ ಬಶಿಗೆ ಚಹಾ ಸುರಿದು ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಹಾಗಾದರೆ ಅಭಿಜಿತ್ ಒಂಟಿಯೇ ಎಂದು ಮರಾಠಿಯಲ್ಲಿ ಕೇಳಿದರು.

ಅದು ಗೊತ್ತಿಲ್ಲ ಎಂದಳು ನೀತಾ. ಈ ಚುಕ್ಕೆ ಅದರದಲ್ಲ, ಅಷ್ಟೇ ಗೊತ್ತು. ಇನ್ನೂ ಮಸುಕಾದದ್ದೊಂದು ಹತ್ತಿರವೇ ಇರಬಹುದು, ಬಿಲ್ಲೆಯ ಮರೆಯಲ್ಲೇ ಇರಬಹುದು. ಹೇಳುತ್ತ ಹೇಳುತ್ತ ಅವಳ ಕಾಲು ಅಲ್ಲಾಡತೊಡಗಿತು; ಬಶಿಯ ಚಹಾ ತುಳುಕಿತು.