ಸೊಂಟದ ಕೆಳಗಿನ ಅಪರಿಚಿತ

ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ಆದರೆ ಒಂದು ಮಧ್ಯಾಹ್ನ, ಪುಣೆಯ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ, ಅಷ್ಟೊಂದು ದೀಪಗಳ ಬೆಳಕಿನಲ್ಲಿ, ನನ್ನದೇ ಕಾಲಿಗೆ ನಾನು ಹೆದರಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಹೇಳದೆ ಇಟ್ಟುಕೊಂಡರೆ ಮತ್ತೆ ಹೆದರಿಕೆಯಾಗುತ್ತದೆ.

ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಿಡಿಯುತ್ತೇನೆ. ಅಂಥವನು ನಮ್ಮ ಕಟ್ಟಡದಲ್ಲಿ ಇನ್ನೊಂದು ಮೆಟ್ಟಿಲು ಉಳಿದಿದೆಯೆಂಬುದನ್ನು ಮರೆತು ಎಡಗಾಲಿನ ಹರಡಿನ ಮೂಳೆ ಮುರಿದುಕೊಂಡೆ. ಒಳಗೆ ಪ್ಲೇಟು ಕೂರಿಸಬೇಕೆಂದರು.

"ಪೂರಾ ಮಲಗಿಸೂದಿಲ್ರಿ. ಬೆನ್ನಾಗ ಒಂದು ಸೂಜಿ, ಸೊಂಟದ ಕೆಳಗ ಅಷ್ಟ ಜೋಮು," ಎಂದರು ಅರಿವಳಿಕೆ ಕೊಡುವ ಡಾಕ್ಟರಮ್ಮ. ಬೆಳಗಾವಿಯವರು, ನನ್ನ ಮರಾಠಿಯ ಹಿಂದಿದ್ದ ಧಾರವಾಡವನ್ನು ಎರಡೇ ಮಾತಿಗೆ ಗುರುತು ಹಿಡಿದಿದ್ದರು.

ಮೇಜಿನ ಅಂಚಿಗೆ ಕಾಲು ಇಳಿಬಿಟ್ಟು, ದಿಂಬು ತಬ್ಬಿಕೊಂಡು, ಬೆನ್ನು ಬಾಗಿಸಿ ಕೂತೆ. ಸೂಜಿ ಇರುವೆ ಕಚ್ಚಿದಷ್ಟು. ಆಮೇಲೆ ಬೆಚ್ಚಗಿನದೇನೋ ಹಿಮ್ಮಡಿಯವರೆಗೆ ಮೆಲ್ಲಗೆ ಇಳಿಯಿತು, ಮನೆಯೊಳಗೆ ಯಾರೋ ಒಂದೊಂದೇ ಕೋಣೆಯ ದೀಪ ಆರಿಸುತ್ತ ಹೋದ ಹಾಗೆ. ನನ್ನನ್ನು ಅಂಗಾತ ಮಲಗಿಸಿದರು.

"ಕಾಲ ಎತ್ರಿ ನೋಡೋಣು."

ಎತ್ತಿದೆ. "ಎತ್ತೇನಲ್ರಿ," ಎಂದೆ.

"ಇಲ್ರಿ. ಅಲ್ಲೇ ಅದಾವ."

ಓಡಿಹೋಗುವುದಕ್ಕೆ ಕನ್ನಡದಲ್ಲಿ ಕಾಲಿಗೆ ಬುದ್ಧಿ ಹೇಳುವುದು ಎನ್ನುತ್ತೇವಲ್ಲ, ಆ ಮಾತು ಕಟ್ಟಿದವನಿಗೆ ಕಾಲು ಬೇರೆ, ಹೇಳುವವನು ಬೇರೆ ಎಂಬುದು ಗೊತ್ತಿದ್ದಿರಬೇಕು. ಆ ಕ್ಷಣ ನಾನೂ ಬುದ್ಧಿ ಹೇಳಿಯೇ ಹೇಳಿದೆ. ಕೇಳುವವರು ಕೆಳಗೆ ಯಾರೂ ಇರಲಿಲ್ಲ.

ಎದೆಯ ಮೇಲೆ ಹಸಿರು ಪರದೆ ಕಟ್ಟಿದರು. ಆದರೆ ತಲೆಯ ಮೇಲಿನ ದೊಡ್ಡ ದೀಪದ ಹೊಳೆಯುವ ಅಂಚಿನಲ್ಲಿ ಆಚೆಯದು ಸ್ವಲ್ಪ ಕಾಣುತ್ತಿತ್ತು. ನೋಡಬಾರದಿತ್ತು. ಯಾರೋ ಒಂದು ಕಾಲನ್ನು ನೆಟ್ಟಗೆ ಮೇಲೆತ್ತಿ ಕಂದು ಔಷಧಿ ಬಳಿಯುತ್ತಿದ್ದರು. ನನ್ನ ಕಾಲುಗಳಾದರೋ ಇನ್ನೂ ಮೇಜಿನ ಅಂಚಿನಿಂದ ಮಡಚಿಕೊಂಡು ಜೋತಾಡುತ್ತಿದ್ದವು. ಅದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

"ಡಾಕ್ಟ್ರ, ಆ ಕಾಲ ಯಾರದ್ರಿ?"

ಅವರು ನಗಲಿಲ್ಲ. "ನಿಮ್ಮದ ರೀ. ಮೆದುಳಿಗೆ ಹೊಸಾ ಸುದ್ದಿ ಬರೂದು ನಿಂತ್ರ ಅದು ಹಳೇದನ್ನ ಹಿಡಕೊಂಡ ಕೂತಿರ್ತದ."

ಆಮೇಲೆ ಡ್ರಿಲ್ಲಿನ ಸದ್ದು. ಕಾರ್ಖಾನೆಯಲ್ಲಿ ದಿನಾ ಕೇಳುವ ಸದ್ದೇ. ನೋವಿಲ್ಲ, ಪಕ್ಕದ ಮನೆಯವರು ಗೋಡೆ ಕೊರೆದರೆ ನಮ್ಮ ಮನೆಯ ಪಾತ್ರೆ ಅದುರುವಂತೆ ಮೈ ಅದುರುತ್ತಿತ್ತು.

ವಾರ್ಡಿಗೆ ತಂದ ಮೇಲೆ ಹೊದಿಕೆಯೊಳಗೆ ಕೈಹಾಕಿ ತೊಡೆ ಮುಟ್ಟಿದೆ. ತಣ್ಣಗಿದ್ದರೆ ಸಮಾಧಾನವಾಗುತ್ತಿತ್ತೇನೋ. ಬೆಚ್ಚಗಿತ್ತು, ರೋಮವಿತ್ತು, ಯಾರೋ ಬಂದು ಪಕ್ಕದಲ್ಲಿ ಮಲಗಿದ ಹಾಗಿತ್ತು. ಥಟ್ಟನೆ ಕೈ ಎಳೆದುಕೊಂಡೆ.

ಸಂಜೆಯ ಹೊತ್ತಿಗೆ ಬಲಗಾಲಿನ ಬೆರಳು ಅಲುಗಿತು. ಎಡಗಾಲು ಬರಲಿಲ್ಲ. ಡಾಕ್ಟರಮ್ಮ ಬಂದು, ಬೆರಳು ಒತ್ತಿ ನೋಡಿ, "ಬರ್ತದ್ರಿ, ಒಂದೊಂದು ಸಲ ತಡಾ ಆಗ್ತದ," ಎಂದರು. ಹೋಗುವ ಮುಂಚೆ ಮತ್ತೊಮ್ಮೆ ಒತ್ತಿ ನೋಡಿದರು. ಆ ಮತ್ತೊಮ್ಮೆಯೇ ನನ್ನ ಎದೆಯಲ್ಲಿ ಕೂತಿತು.

ಹೆಂಡತಿ ಸುಧಾ ನನ್ನ ಕಾಲ್ದೆಸೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ದಿಂಬಿಲ್ಲದೆ ಮಲಗಿದ್ದ ನನಗೆ ಅವಳ ತಲೆಯಷ್ಟೇ ಕಾಣುತ್ತಿತ್ತು.

"ಇದು ಬರಲಿಲ್ಲಂದ್ರ ಏನ್ ಮಾಡೋದು?"

"ಎಲ್ಲಿಗೆ ಹೋಗ್ತದ್ರಿ? ಪ್ಲೇಟ ಹಾಕಿ ಬಿಗದಾರ," ಎಂದಳು. ಧ್ವನಿ ಮಾತಿನಷ್ಟು ಗಟ್ಟಿಯಿರಲಿಲ್ಲ.

"ಸ್ವಲ್ಪ ಅದರ ಬೆರಳ ಹಿಡಿ. ಗೊತ್ತಾಗ್ತದೇನು ನೋಡೋಣು."

ಅವಳು ಅಲುಗಾಡಲಿಲ್ಲ. ಕೂತಲ್ಲಿಂದಲೇ ಹೇಳಿದಳು: "ಹಿಡಕೊಂಡ ಒಂದು ತಾಸಾತ್ರಿ."

ನನ್ನ ಮೈ ಜುಮ್ಮೆಂದಿತು, ಸೊಂಟದವರೆಗೆ ಮಾತ್ರ.

ಕತ್ತಲಾಗುವ ಮುಂಚೆ ಆ ಬೆರಳುಗಳಿಗೆ ಮೊದಲು ಬಂದ ಸುದ್ದಿ ತಂಪಿನದು. ಅವಳ ಕೈ ಬೆವರಿ ತಣ್ಣಗಾಗಿತ್ತು. ನೋವು ಹಿಂದೆಯೇ ಓಡಿಬಂತು. ಬಳಗದವರನ್ನು ಕಂಡಂತೆ ಅದನ್ನು ಬರಮಾಡಿಕೊಂಡೆ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಸುಧಾ ನನ್ನ ಕಾಲು ಹಿಡಿದದ್ದು ಅದೊಂದೇ ಸಲ, ಅದೂ ನನಗೆ ಗೊತ್ತಾಗದ ಹಾಗೆ. ಹೀಗೆ ನನಗೆ ಗೊತ್ತಾಗದೆ ಇನ್ನೇನೇನು ನಡೆದಿದೆಯೋ ಎಂದು ಈಗೀಗ ಅವಳನ್ನು ಕೇಳಬೇಕೆನಿಸುತ್ತದೆ. ಉತ್ತರ ಬಹಳ ಉದ್ದವಿದ್ದೀತೆಂದು ಸುಮ್ಮನಿದ್ದೇನೆ.