ನಾಕು ಜಾಗದ ಸರ

ಮೊನ್ನೆ ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಹಿಡಿದು ಬಾಲ್ಕನಿಯಲ್ಲಿ ಕೂತಿದ್ದೆ. ಮೊಬೈಲು ಟಿಂಗ್ ಎಂದಿತು. ಆರ್‌ಪಿಸಿ ಲೇಔಟಿನ ಶ್ವೇತಾ ಅವರ ಸಂದೇಶ. "ಸಾರ್, ಇನ್ನೂರ ಹದಿನಾಲ್ಕನೇ ಸಾಲು ಯಾಕಿದೆ? ತೆಗೆದು ನೋಡಿದೆ, ಏನೂ ಕೆಡಲಿಲ್ಲ. ತೆಗೆದುಬಿಡ್ಲಾ? ಬರೆದವರು ಅಂತ ನಿಮ್ಮ ಹೆಸರೇ ತೋರಿಸ್ತಿದೆ, ಅದಕ್ಕೆ ಕೇಳ್ತಾ ಇದೀನಿ."

ಕಾಫಿ ಆರಿಹೋಯಿತು. ಆ ಸಾಲು ಯಾಕಿದೆ ಎಂದು ನನಗೆ ಗೊತ್ತಿಲ್ಲ. ಅದನ್ನು ಬರೆದವನೂ ನಾನಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು, ಇಲ್ಲದಿದ್ದರೆ ಒಂದು ಸಾಲಿಗೆ ಇಷ್ಟು ಪುರಾಣವೇ ಎಂದು ನೀವು ಪುಟ ಮಗುಚಿಬಿಡುತ್ತೀರಿ. ಹಳೆಯ ಡಿಟಿಪಿ ಕಾಲದಲ್ಲಿ ಟೈಪು ಮಾಡಿಟ್ಟ ಕನ್ನಡವನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಅದನ್ನು ಮತ್ತೆ ಓದುವಂಥ ಕನ್ನಡವಾಗಿ ತಿರುಗಿಸುವ ಒಂದು ಪುಟ್ಟ ತಂತ್ರಾಂಶವನ್ನು ನಾನು ಎಷ್ಟೋ ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದು ಓಪನ್ ಸೋರ್ಸ್. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಶ್ವೇತಾ ಹಾಗೆ ತಿದ್ದಿ ಕಳಿಸುವವರಲ್ಲಿ ಒಬ್ಬರು. ಬಂದದ್ದನ್ನು ನೋಡಿ ಒಳಗೆ ಸೇರಿಸಿಕೊಳ್ಳುವ ಕೆಲಸ ನನ್ನದು. ಸಾಲು ಯಾರ ಖಾತೆಯಿಂದ ಸೇರಿತೋ ಅವರ ಹೆಸರು, ಬರೆದವರು ಎಂದು, ತೆರೆಯ ಮೇಲೆ ಆ ಸಾಲಿನ ಪಕ್ಕದಲ್ಲಿ ತಾನಾಗಿಯೇ ಕಾಣುತ್ತದೆ. ಸಂಬಳವಿಲ್ಲದ ಈ ಲೋಕದಲ್ಲಿ ಸಿಗುವುದು ಆ ಹೆಸರೊಂದೇ.

ಹೀಗೆ ಕಳಿಸುವವರಿಗಾಗಿ ನಾನೊಂದು ನಿಯಮಾವಳಿ ಬರೆದಿದ್ದೆ. ಇಪ್ಪತ್ತಮೂರು ನಿಯಮಗಳು. ಸಾಲು ಒಳಗೆ ಸರಿಯಬೇಕಾದರೆ ಟ್ಯಾಬ್ ಬೇಡ, ನಾಲ್ಕು ಸ್ಪೇಸ್, ಅಂದರೆ ನಾಲ್ಕು ಖಾಲಿ ಜಾಗ. ಒಂದು ಸಾಲಿನಲ್ಲಿ ಎಂಬತ್ತು ಅಕ್ಷರ ಮೀರಬಾರದು. ಕೋಡಿನ ನಡುವೆ ವಿವರಣೆ ಬರೆದರೆ ಅದು ಇಂಗ್ಲಿಷಿನಲ್ಲಿರಬೇಕು, ಚುಟುಕಾಗಿರಬೇಕು. ಫೈಲಿನೊಳಗೆ ಯಾರ ಹೆಸರೂ ಇರಕೂಡದು. ಎಲ್ಲಕ್ಕಿಂತ ಮೇಲೆ ಒಂದು ವಾಕ್ಯ ಇತ್ತು, ಅದನ್ನು ಬರೆದ ದಿನ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ: ‘ಹತ್ತು ಜನ ಬರೆದರೂ ಒಬ್ಬರೇ ಬರೆದಂತೆ ಕಾಣಬೇಕು.’

ನಾನು ಬೆಳೆದದ್ದು ರಾಜಾಜಿನಗರದಲ್ಲಿ, ಮೇನ್ ರಸ್ತೆ, ಕ್ರಾಸ್ ರಸ್ತೆಗಳ ಲೆಕ್ಕದ ನಡುವೆ. ಹನ್ನೊಂದನೇ ಕ್ರಾಸ್ ಆದಮೇಲೆ ಹನ್ನೆರಡನೆಯದು ಬರಲೇಬೇಕು, ಬಾರದಿದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮನೆಯಲ್ಲಿ ಚಮಚಗಳು ಒಂದೇ ಕಡೆ ಮುಖ ಮಾಡಿ ಮಲಗಿರಬೇಕು. "ರೀ, ಅಡುಗೆಮನೆಗೂ ಒಂದು ನಿಯಮಾವಳಿ ಬರೆದು ಅಂಟಿಸಿಬಿಡಿ, ನಮಗೂ ನಿಮಗೂ ನೆಮ್ಮದಿ" ಎಂದು ನನ್ನ ಹೆಂಡತಿ ಎಷ್ಟು ಸಲ ಹೇಳಿದ್ದಾಳೋ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ನಿಯಮಾವಳಿ ಬರೆದ ಹೊಸತರಲ್ಲಿ ಒಂದು ದಿನ ಮಾರೇನಹಳ್ಳಿಯಿಂದ ಫೋನು ಬಂತು. ಗದಗಿನ ಕಡೆಯ ಮಾತು. ಹೆಸರು ವೀರಭದ್ರಪ್ಪ. ಐವತ್ತು ದಾಟಿದ ಮನುಷ್ಯ, ಲಗ್ನಪತ್ರಿಕೆ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ. ಊರಿನಲ್ಲಿದ್ದಾಗಿನಿಂದ ಪ್ರೆಸ್ಸುಗಳಲ್ಲೇ ಕೈ ಪಳಗಿಸಿಕೊಂಡವರು. ನಮ್ಮ ತಂತ್ರಾಂಶ ಅವರ ಹಳೆಯ ಫೈಲುಗಳನ್ನು ತಪ್ಪುತಪ್ಪಾಗಿ ತಿರುಗಿಸುತ್ತಿತ್ತು. ಬೇರೆಯವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರು. ಇವರು ಪುಸ್ತಕ ತಂದು, ಒಂದು ವರ್ಷ ಕೂತು ಪ್ರೋಗ್ರಾಮಿಂಗ್ ಕಲಿತು, ತಾವೇ ರಿಪೇರಿ ಮಾಡಿ ನನ್ನ ಆಫೀಸಿನ ಮೇಲ್‌ಗೆ ಕಳಿಸಿದ್ದರು.

ತೆರೆದು ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಒಂದೇ ಹೆಸರಿನ ಫಾಂಟು ಒಂದೊಂದು ಅಂಗಡಿಯಲ್ಲಿ ಒಂದೊಂದು ಥರ ಇರುತ್ತಿದ್ದ ಕಾಲ ಅದು. ಆ ಎಲ್ಲ ತರಲೆಗಳನ್ನೂ ಹುಡುಕಿ ಒಂದೊಂದಕ್ಕೆ ಒಂದೊಂದು ಸಾಲು ಬರೆದಿದ್ದರು. ಪ್ರತಿ ಸಾಲಿನ ಮೇಲೆ ಅಚ್ಚಗನ್ನಡದಲ್ಲಿ ವಿವರಣೆ. ಆ ಗುರುತು ಯಾವ ಊರಿನ ಯಾವ ಮಷೀನಿನಲ್ಲಿ ಕೈಕೊಡುತ್ತಿತ್ತು, ಆಪರೇಟರು ಅದಕ್ಕೆ ಏನು ಉಪಾಯ ಮಾಡಿದ್ದ, ಎಲ್ಲವೂ. ಓದುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಾನು ಮಾತ್ರ ಓದಲಿಲ್ಲ. ಟ್ಯಾಬುಗಳನ್ನು ಎಣಿಸಿದೆ. ನಿಯಮಾವಳಿಯನ್ನು ಲಗತ್ತಿಸಿ ವಾಪಸು ಕಳಿಸಿದೆ.

"ಅಲ್ರಿ ಸರ, ಒಂದ್ ಸಲ ಟ್ಯಾಬ್ ಒತ್ತಿದ್ರ ಮುಗೀತೈತಿ. ನಾಕ್ ಸಲ ಸ್ಪೇಸ್ ಯಾಕ ಒತ್ತಬೇಕ್ರಿ?" ಎಂದು ಫೋನಿನಲ್ಲಿ ಕೇಳಿದರು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ನಾನು, "ಒಂದೇ ಥರ ಇರ್ಬೇಕಲ್ಲ ಸಾರ್, ಅದಕ್ಕೆ" ಎಂದೆ. "ಆತ್ರಿ, ಹಂಗs ಮಾಡೂಣು" ಎಂದರು. ಮಾಡಿ ಕಳಿಸಿದರು. ಸಾಲು ಉದ್ದವಾಗಿದೆ ಎಂದು ವಾಪಸು ಕಳಿಸಿದೆ. ಮುರಿದು ಕಳಿಸಿದರು. ಮುರಿದ ಜಾಗ ಸರಿಯಿಲ್ಲ ಎಂದೆ. ಹೀಗೆ ಆರು ಸಲ. ಆರನೆಯ ಸಲ ಬರೆದದ್ದು, ವಿವರಣೆಗಳೆಲ್ಲ ಇಂಗ್ಲಿಷಿನಲ್ಲಿ ಬೇಕು ಎಂದು. ಅದಕ್ಕೆ ಉತ್ತರ ಬರುವುದು ತಡವಾಯಿತು. "ಸ್ವಲ್ಪ ಟೈಮ್ ಕೊಡ್ರಿ ಸರ, ಬರೀಲಿಕ್ಕೆ ಹತ್ತೀನಿ" ಎಂದರು. ನಾನು ಕೊಡಲಿಲ್ಲ. ಹೊಸ ಆವೃತ್ತಿ ಹೊರಡಿಸುವ ಆತುರ. ಒಂದು ಶನಿವಾರ ಕೂತು ಅವರ ಕೋಡನ್ನು ನಾನೇ ಇಸ್ತ್ರಿ ಮಾಡಿದೆ. ಹೆಸರುಗಳನ್ನು ಬದಲಿಸಿದೆ, ಸಾಲುಗಳನ್ನು ಹೆಣೆದೆ, ಕನ್ನಡದ ವಿವರಣೆಗಳನ್ನು ಒಟ್ಟಿಗೆ ಆರಿಸಿ ಅಳಿಸಿದೆ. ನನ್ನ ಖಾತೆಯಿಂದ ಸೇರಿಸಿದೆ. ‘ನಿಮ್ಮ ಕೆಲಸ ಸೇರಿಸಿದ್ದೇನೆ, ಧನ್ಯವಾದಗಳು’ ಎಂದು ಎರಡು ಸಾಲಿನ ಮೇಲ್ ಕಳಿಸಿ, ದೊಡ್ಡ ಮನುಷ್ಯನ ಹಾಗೆ ಮಸಾಲೆ ದೋಸೆ ತಿನ್ನಲು ಹೋದೆ.

ಮರುದಿನ ಅವರ ಫೋನು. "ಸರ, ನಮ್ಮ ಹೆಸರು ಎಲ್ಲಿ ಕಾಣ್ತೈತ್ರಿ? ಮಗಳಿಗೆ ತೋರಸ್ಬೇಕಾಗಿತ್ತು."

ನನ್ನ ಖಾತೆಯಿಂದ ಸೇರಿಸಿದ್ದಕ್ಕೆ ಪ್ರತಿ ಸಾಲಿನ ಪಕ್ಕದಲ್ಲೂ ನನ್ನ ಹೆಸರೇ ಬಂದಿದೆ ಎಂದು ಆಗಲೇ ಹೊಳೆಯಿತು, ಸುಳ್ಳು ಹೇಳುವುದಿಲ್ಲ. ಸರಿಪಡಿಸಲು ಹತ್ತು ನಿಮಿಷ ಸಾಕಿತ್ತು. ಆದರೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ನಿಯಮ ಹೇಳುವುದು ಸುಲಭ. "ಫೈಲಿನಲ್ಲಿ ಹೆಸರು ಹಾಕೋ ಪದ್ಧತಿ ಇಲ್ಲ ಸಾರ್. ಹದಿನೇಳನೇ ನಿಯಮ ನೋಡಿ" ಎಂದೆ. "ಹಂಗಾರ ಇರ್ಲಿ ಬಿಡ್ರಿ" ಎಂದರು. ಆಮೇಲೆ ಅವರು ಏನನ್ನೂ ಕಳಿಸಲಿಲ್ಲ. ನಾನೂ ವಿಚಾರಿಸಲಿಲ್ಲ. ಆ ಆಫೀಸು ಬಿಟ್ಟ ದಿನ ಅಲ್ಲಿನ ಮೇಲ್‌ಗಳೂ ಹೋದವು, ಅವುಗಳ ಜೊತೆ ಅವರು ಕಳಿಸಿದ್ದ ಆರೂ ಫೈಲುಗಳು.

ಶ್ವೇತಾ ಅವರಿಗೆ ‘ಒಂದು ವಾರ ತಡೀರಿ’ ಎಂದು ಬರೆದೆ. ಹಳೆಯ ನಂಬರು ಮೊಬೈಲಿನಲ್ಲಿ ಇನ್ನೂ ಇತ್ತು. ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ, "ಓಹೋ, ನಾಕು ಜಾಗದ ಸರ!" ಎಂದು ಆ ಕಡೆ ಜೋರಾಗಿ ನಕ್ಕರು. ಮನೆಯಲ್ಲಿ ನನಗೆ ಅದೇ ಹೆಸರಂತೆ. ಈಗ ಲಗ್ನಪತ್ರಿಕೆಗಳೆಲ್ಲ ಮೊಬೈಲಿನಲ್ಲೇ ಓಡಾಡುತ್ತವಲ್ಲ, ಅಂಗಡಿ ಮುಚ್ಚಿ ಕೆಂಗೇರಿಯಲ್ಲಿದ್ದಾರೆ. "ಬರ್ರಿ, ಮೆಟ್ರೋ ಇಳದು ಫೋನ್ ಹಚ್ರಿ" ಎಂದರು.

ಹೋದೆ. ಮೆಟ್ರೋ ಉದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಎಲ್ಲವೂ ಚುಟುಕಾಗಿ, ಅಚ್ಚುಕಟ್ಟಾಗಿ ಬರುತ್ತಿದ್ದವು, ಒಂದೂ ಹೇಳುವಂತಿರಲಿಲ್ಲ. ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಅವರೇ ನಿಂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮನೆಯಲ್ಲಿ ಅವರ ಹೆಂಡತಿ ಗಿರಿಜಕ್ಕ ಮಂಡಕ್ಕಿ ಒಗ್ಗರಣೆ ಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರs ಏನ್ರಿ? ನಾನು ಭಾಳ ದೊಡ್ಡವರು ಅಂದ್ಕೊಂಡಿದ್ದೆ" ಎಂದರು. ಆಮೇಲೆ ಒಳಗೆ ಹೋಗಿ ಒಂದು ಉದ್ದನೆಯ ನೋಟ್‌ಬುಕ್ ತಂದಿಟ್ಟರು.

ಮೊದಲ ಪುಟಕ್ಕೆ ನನ್ನ ನಿಯಮಾವಳಿಯ ಪ್ರಿಂಟು ಅಂಟಿಸಿತ್ತು. ಇಂಗ್ಲಿಷಿನ ನಿಯಮವೊಂದನ್ನು ಬಿಟ್ಟು ಪ್ರತಿ ನಿಯಮದ ಮುಂದೆ ಪೆನ್ಸಿಲಿನಲ್ಲಿ ಐದು ಟಿಕ್ ಮಾರ್ಕು, ನಿಯಮಾವಳಿ ಕೈಸೇರಿದ ಮೇಲೆ ಕಳಿಸಿದ ಐದು ಸಲವೂ ಸರಿನೋಡಿದ್ದಕ್ಕೆ. ಮುಂದಿನ ಪುಟಗಳಲ್ಲಿ ಎಡಗಡೆ ಸಾಲಿನ ನಂಬರು, ಬಲಗಡೆ ಇಂಗ್ಲಿಷು. ಬರೆದು, ಹೊಡೆದು ಹಾಕಿ, ಮತ್ತೆ ಬರೆದದ್ದು. "ಡಿಕ್ಷನರಿ ಇಟ್ಕೊಂಡು ಕುಂದರ್ತಿದ್ರು ನೋಡ್ರಿ. ಊಟಕ್ಕ ಕರದ್ರೂ ಏಳ್ತಿರಲಿಲ್ಲ" ಎಂದರು ಗಿರಿಜಕ್ಕ. ನಾನು ಪುಟ ತಿರುಗಿಸಿದೆ. ಎರಡು ಗುರುತುಗಳು ಅಕ್ಕಪಕ್ಕ ಬಂದರೆ ಅದಲುಬದಲು ಮಾಡುವ, ಶ್ವೇತಾ ಕೇಳಿದ್ದ ಆ ಸಾಲು ಕೊನೆಯ ಪುಟದಲ್ಲಿತ್ತು. ‘ನಮ್ಮ ಊರಿನ ಪ್ರೆಸ್ಸಿನಲ್ಲಿ’ ಎಂಬಷ್ಟಕ್ಕೆ ಇಂಗ್ಲಿಷ್ ಬರೆದು ನಿಲ್ಲಿಸಿದ್ದರು. ಮುಂದೆ ಖಾಲಿ.

"ನೀವು ಸೇರಿಸೀನಿ ಅಂದ್ರಲ್ರಿ. ಆಮ್ಯಾಲೆ ಬರಿಯೂದು ಯಾಕಂತ ಬಿಟ್ಟೆ" ಎಂದರು ವೀರಭದ್ರಪ್ಪ.

ಊರಿನ ಪ್ರೆಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡು ಯೋಚಿಸಿದರು. "ಏನೋ ಇತ್ರಿ... ನೆನಪಿಗೆ ಬರವಲ್ದು." ಮೊಬೈಲಿನಲ್ಲಿ ಆ ಕೋಡು ತೆರೆದು ತೋರಿಸಿದೆ. ಕನ್ನಡಕ ಏರಿಸಿ, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಬಹಳ ಹೊತ್ತು ನೋಡಿದರು. ನಂತರ ನಿಧಾನವಾಗಿ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. "ಇದು ನಂದಲ್ಲ ಬಿಡ್ರಿ ಸರ. ನಂದು ಹಿಂಗಿರಲಿಲ್ಲ. ಬಾಜೂಕ ನಿಮ್ಮ ಹೆಸರs ಐತಲ್ಲ. ಚೊಲೋ ಬರದೀರಿ."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ನಾನು ನಿಮಗೆ ಮೋಸ ಮಾಡಿದೆ ಸಾರ್" ಎಂದೆ. "ಹೋಗ್ಲಿ ಬಿಡ್ರಿ, ಮಂಡಕ್ಕಿ ಆರತೈತಿ" ಎಂದರು. ಮಗಳ ವಿಷಯ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಇನ್ನೂರ ಹದಿನಾಲ್ಕನೇ ಸಾಲಿನ ಮೇಲೆ ಕನ್ನಡದಲ್ಲೇ ಬರೆದೆ: ‘ಇದನ್ನೂ, ಈ ಫೈಲಿನ ಉಳಿದೆಲ್ಲ ಸಾಲುಗಳನ್ನೂ ಬರೆದವರು ಮಾರೇನಹಳ್ಳಿಯ ವೀರಭದ್ರಪ್ಪ. ಈ ಸಾಲು ಯಾಕೆ ಬೇಕೆಂದು ಅವರು ವಿವರವಾಗಿ ಬರೆದಿದ್ದರು. ನಾನು ಓದದೆ ಅಳಿಸಿದೆ. ದಯವಿಟ್ಟು ತೆಗೆಯಬೇಡಿ.’ ಸೇರಿಸಿದ್ದೆಲ್ಲ ನಿಯಮದಂತಿದೆಯೇ ಎಂದು ತಪಾಸಣೆ ಮಾಡಲು ಇಟ್ಟ ಪ್ರೋಗ್ರಾಮು ತಕ್ಷಣ ಕೆಂಪು ಬಣ್ಣದಲ್ಲಿ ಅರಚಿತು. ಅದನ್ನು ಕಟ್ಟಿದವನೂ ನಾನೇ ತಾನೇ.

ಸ್ವಲ್ಪ ಹೊತ್ತಿಗೆ ಶ್ವೇತಾ ಬರೆದರು: "ಸಾರ್, ಸಾಲು ಉದ್ದ ಆಗಿದೆ, ಕನ್ನಡದಲ್ಲಿದೆ, ಹೆಸರೂ ಇದೆ. ನಿಮ್ಮದೇ ಮೂರು ನಿಯಮ ಮುರಿದಿದೀರಾ. ಸರಿಮಾಡಿ ಕೊಡ್ಲಾ?"

"ಬೇಡಮ್ಮಾ, ಹಾಗೇ ಇರಲಿ" ಎಂದೆ.

ಆ ಟಿಪ್ಪಣಿಯ ಪಕ್ಕದಲ್ಲೂ, ಬರೆದವರು ಎಂದು ನನ್ನ ಹೆಸರೇ ಬಂದಿದೆ. ಆ ಫೈಲಿನಲ್ಲಿ ಅದೊಂದು ಮಾತ್ರ ನಿಜವಾಗಿಯೂ ನಾನೇ ಬರೆದದ್ದು.