ಮೂರು ದಿನದ ತಿಳಿನೀರು

ನನ್ನ ಸೊಸೆ ದೀಪಾ ಕದ್ವಾಡದವಳು. ಬೇಲೆಕೇರಿಯ ನಮ್ಮ ಮನೆಗೆ ಬಂದು ಹತ್ತು ವರ್ಷ ಆಯಿತು. ಬಂದ ಹೊಸದರಲ್ಲಿ ನನಗೂ ಅವಳಿಗೂ ಅಷ್ಟಕ್ಕಷ್ಟೇ. ಅವಳಿಗೆ ಮಾತು ಕಡಿಮೆ, ನನಗೆ ಮಾತಿಲ್ಲದಿದ್ದರೆ ಉಂಡದ್ದು ಅರಗುವುದಿಲ್ಲ. ನನ್ನ ಮಗ ಜಟ್ಟು ಗೋವೆಯಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಾನೆ, ಸೋಮವಾರ ಬೆಳಿಗ್ಗೆ ಹೋಗುತ್ತಾನೆ. ಉಳಿದ ದಿನ ಮನೆಯಲ್ಲಿ ನಾವು ಮೂವರೇ. ನಾನು, ದೀಪಾ, ಮತ್ತೆ ಮೊಮ್ಮಗಳು ಪ್ರೇಕ್ಷಾ.

ಪ್ರೇಕ್ಷಾ ಹುಟ್ಟಿದಾಗಿನಿಂದ ಕಡ್ಡಿ. ಅವಳಿಗೆ ಐದು ತುಂಬಿದ ಮಳೆಗಾಲದಲ್ಲಿ ಕೆನ್ನೆ ತುಂಬಿತು, ಕೈಕಾಲು ಗುಂಡಗಾಯಿತು. ನಾನು ದಿನಾ ಕುಚ್ಚಲಕ್ಕಿ ಗಂಜಿಗೆ ಉಪ್ಪುನೀರಿನ ಮಾವಿನಕಾಯಿ ಹಿಸುಕಿ ಉಣ್ಣಿಸುತ್ತಿದ್ದೆ. ಪಕ್ಕದ ಮನೆಯ ನಾಗಿ ಬೇಲಿಯಾಚೆಯಿಂದಲೇ ಕೂಗಿದಳು.

"ಸುಕ್ರಕ್ಕಾ, ನಿನ್ನ ಮೊಮ್ಮಗಳು ಬೆಣ್ಣೆ ಮುದ್ದೆ ಆಗ್ಯದೆ ನೋಡು!"

"ನನ್ನ ಕೈಯ ಗಂಜಿ ಮಾರಾಯ್ತಿ" ಅಂದೆ. "ಅವಳ ಅವ್ವಿ ಬರೀ ಬಿಸ್ಕೀಟು ತಿನ್ಸಿ ಸಾಕಿದ್ಲು."

ದೀಪಾ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು. ಅವಳಿಗೆ ಕೇಳಲಿ ಅಂತಲೇ ಹೇಳಿದ್ದು. ಅವಳು ಕೈ ಒರೆಸಿಕೊಂಡು ಮಗುವಿನ ಹತ್ತಿರ ಬಂದಳು. "ಅತ್ತೆ, ಬೆಳಿಗ್ಗೆ ಎದ್ದಾಗ ಇದ್ರ ಕಣ್ಣಿನ ರೆಪ್ಪೆ ಊದಿದಂಗೆ ಕಾಣ್ತದಲ್ಲಾ?" ಅಂದಳು. ನಿದ್ದೆ ಚೆನ್ನಾಗಿ ಬಂದರೆ ಮಕ್ಕಳಿಗೆ ಹಾಗೇ ಆಗುತ್ತದೆ ಅಂತ ನಾನು ಬಾಯಿ ಮುಚ್ಚಿಸಿದೆ.

ವಾರ ಕಳೆಯುವುದರೊಳಗೆ ಲಂಗದ ಲಾಡಿ ಸಾಲದಾಯಿತು. ಕಾಲಿನ ಮೇಲೆ ಬೆರಳೊತ್ತಿದರೆ ಹಸಿಮಣ್ಣಿನ ಮೇಲೆ ಒತ್ತಿದ ಹಾಗೆ ಕುಳಿ ನಿಲ್ಲುತ್ತಿತ್ತು. ದೀಪಾ ನನ್ನನ್ನು ಕೇಳದೆ ಮಗುವನ್ನು ಎತ್ತಿಕೊಂಡು ಅಂಕೋಲೆಗೆ ಹೋದಳು. ಅಲ್ಲಿಯವರು ಕಾರವಾರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಅದು ಮೂತ್ರಪಿಂಡದ ಕಾಯಿಲೆಯಂತೆ. ಮೈಯ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿದೆಯಂತೆ. ಮಗುವಿಗೆ ತುಂಬಿಕೊಂಡದ್ದು ಮಾಂಸವಲ್ಲ, ನೀರು. ಊತ ಇಳಿಯುವವರೆಗೆ ಉಪ್ಪು ಬೇಡವೇ ಬೇಡ ಅಂದರಂತೆ. ನಾನು ಹಿಸುಕಿ ಉಣ್ಣಿಸಿದ ಮಾವಿನಕಾಯಿಯ ಲೆಕ್ಕ ಇಟ್ಟವರಿಲ್ಲ. ದೀಪಾ ಅದರ ಮಾತೇ ಎತ್ತಲಿಲ್ಲ.

ಡಾಕ್ಟರಮ್ಮ ಅವಳಿಗೆ ಒಂದು ಗಾಜಿನ ನಳಿಗೆ ಕೊಟ್ಟು ಪರೀಕ್ಷೆ ಕಲಿಸಿದ್ದರು. ಬೆಳಗಿನ ಮೊದಲ ಮೂತ್ರ ನಳಿಗೆಯಲ್ಲಿ ಹಿಡಿದು, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಕಚ್ಚಿಸಿ, ಮೇಲಿನ ಅರ್ಧ ಭಾಗ ಮಾತ್ರ ಬೆಂಕಿಗೆ ಹಿಡಿಯಬೇಕು. ಕುದಿ ಬಂದಾಗ ಹುಳಿ ಔಷಧ ಎರಡು ಹನಿ ಬಿಡಬೇಕು. ತಿಳಿಯಾಗಿ ಉಳಿದರೆ ಒಳ್ಳೆಯದು, ಬೆಳ್ಳಗಾದರೆ ಸತ್ವ ಹೋಗುತ್ತಿದೆ ಅಂತ. ಎಷ್ಟು ಬೆಳ್ಳಗೆ ಅನ್ನುವುದಕ್ಕೆ ಒಂದು ಪ್ಲಸ್ಸು, ಎರಡು ಪ್ಲಸ್ಸು, ಮೂರು ಪ್ಲಸ್ಸು ಅಂತ ಬರೆಯಬೇಕು. ಅಡುಗೆ ಒಲೆಯ ಮೇಲೆ ಅದನ್ನು ಕಾಯಿಸಲು ನಾನು ಬಿಡಲಿಲ್ಲ. ಹಿಂದಿನ ಜಗಲಿಯಲ್ಲಿ ಮೇಣದಬತ್ತಿ ಹಚ್ಚಿಕೊಂಡು, ಗಾಳಿಗೆ ಸೆರಗು ಅಡ್ಡ ಹಿಡಿದು ಅವಳು ಕೂರುತ್ತಿದ್ದಳು.

ಪ್ಲಸ್ಸಿನ ಲೆಕ್ಕ ನನ್ನ ತಲೆಗೆ ಹೋಗಲಿಲ್ಲ. ನಾನು ನನ್ನ ಲೆಕ್ಕ ಮಾಡಿಕೊಂಡೆ. ಏನೂ ಇಲ್ಲದಿದ್ದರೆ ತಿಳಿನೀರು. ಒಂದಕ್ಕೆ ಅಕ್ಕಚ್ಚು, ಅಕ್ಕಿ ತೊಳೆದ ನೀರಿನ ಹಾಗೆ. ಎರಡಕ್ಕೆ ಗಂಜಿತಿಳಿ. ಮೂರಾದರೆ ಒಡೆದ ಹಾಲು. ಆಮೇಲೆ ದೀಪಾಳೂ ಹಾಗೇ ಹೇಳತೊಡಗಿದಳು. "ಇವತ್ತು ಅಕ್ಕಚ್ಚು ಅತ್ತೆ" ಅಂತ ಹೇಳಿ, ಪ್ರೇಕ್ಷಾಳ ಹಳೆಯ ಕಾಪಿ ಪುಸ್ತಕದಲ್ಲಿ ಬರೆದಿಡುತ್ತಿದ್ದಳು.

ಗುಳಿಗೆ ಶುರುವಾದ ಹನ್ನೆರಡನೇ ದಿನ ತಿಳಿನೀರು ಕಂಡಿತು. ಆದರೆ ಈ ಕಾಯಿಲೆ ಹೋದೆ ಅಂದು ಹೋಗುವುದಿಲ್ಲ. ಶೀತ ಆದರೆ ಸಾಕು, ತಿರುಗಿ ಬರುತ್ತದೆ. ಎರಡು ವರ್ಷದಲ್ಲಿ ಮೂರು ಸಲ ಬಂತು. ಬಂದಾಗಲೆಲ್ಲ ಮತ್ತೆ ಗುಳಿಗೆ. ಗುಳಿಗೆಗೆ ಮುಖ ಚಂದ್ರನ ಹಾಗೆ ಆಗುವುದು, ಹಸಿವು ತಾಳದೆ ಮಗು ಪಾತ್ರೆ ಕೆರೆಯುವುದು, ಸಿಟ್ಟು ಬಂದು ನನ್ನ ಕೈಗೇ ಕಚ್ಚುವುದು. ಒಂದು ಸಲ ಮಾತ್ರ ಎರಡು ದಿನ ಅಕ್ಕಚ್ಚು ಕಂಡು ಮೂರನೇ ದಿನ ತಾನಾಗಿ ತಿಳಿಯಾಗಿತ್ತು. ಬೆಳ್ಳಗಾದರೆ ಫೋನ್ ಮಾಡಿ, ಮೂರು ದಿನ ಒಡೆದ ಹಾಲಿನ ಹಾಗೆ ಕಂಡರೆ ತಡಮಾಡದೆ ಬನ್ನಿ ಅಂತ ಡಾಕ್ಟರಮ್ಮ ಹೇಳಿದ್ದರು. ಕಾಯುವ ಆ ದಿನಗಳಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ನೋಡುವ ಕೆಲಸ ಒಂದೇ.

ಹೋದ ವರ್ಷ ವೈಶಾಖದಲ್ಲಿ ಕದ್ವಾಡದಲ್ಲಿ ದೀಪಾಳ ಅಣ್ಣ ಗಣೇಶನ ಮದುವೆ. ಎರಡು ವರ್ಷದಿಂದ ಅವಳು ತವರಿನಲ್ಲಿ ಒಂದು ದಿನ ಉಳಿದವಳಲ್ಲ. ಮಗುವನ್ನು ಜನರ ನಡುವೆ ಒಯ್ಯಬಾರದು ಅಂತ ಡಾಕ್ಟರಮ್ಮನ ಮಾತು. ನಾನೇ ಹೇಳಿದೆ, "ನೀ ಹೋಗು. ನಾ ಇಲ್ವಾ? ನಳಿಗೆ ಕಾಯ್ಸೂದು ಎಂತಾ ದೊಡ್ಡ ವಿದ್ಯೆ?"

ಬುಧವಾರ ಹೋದಳು. ಗುರುವಾರ ಬೆಳಿಗ್ಗೆ ಪ್ರೇಕ್ಷಾಳಿಗೆ ಮೂಗು ಸೋರುತ್ತಿತ್ತು. ನಳಿಗೆ ಕಾಯಿಸಿದೆ. ಅಕ್ಕಚ್ಚು.

ಎಂಟಕ್ಕೆ ಫೋನ್ ಬಂತು. "ಅತ್ತೆ, ನೋಡಿದ್ರಾ? ಎಂತಾ ಕಂಡ್ತು?"

ಹಿಂದೆ ಆ ಒಂದು ಸಲ ಆದ ಹಾಗೆ ನಾಡಿದ್ದಿಗೆ ತಿಳಿಯಾಗುತ್ತದೆ ಅಂದುಕೊಂಡೆ. "ತಿಳಿನೀರು" ಅಂದೆ.

ಶುಕ್ರವಾರ ಮದುವೆ. ನಳಿಗೆಯಲ್ಲಿ ಗಂಜಿತಿಳಿ. ಫೋನಿನಲ್ಲಿ ವಾಲಗದ ಸದ್ದು, ಹೆಂಗಸರ ಗಲಾಟೆ. ಯಾರೋ ಹುಡುಗಿ, "ಅಕ್ಕಾ, ಒಂದ್ ದಿನ ಆದ್ರೂ ಅತ್ತೆ ಮನೆ ಮರ್ತುಬಿಡೆ!" ಅಂದದ್ದು ಕೇಳಿತು. ದೀಪಾ ನಕ್ಕಳು. ಅವಳು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕೇಳದೆ ಎಷ್ಟು ಕಾಲ ಆಗಿತ್ತೋ. ಆ ನಗೆಯ ಮೇಲೆ ಹೇಗೆ ಹೇಳುವುದು?

"ತಿಳಿನೀರು" ಅಂದೆ.

ಶನಿವಾರ ಒಡೆದ ಹಾಲು. ಮಗುವಿನ ರೆಪ್ಪೆ ಭಾರವಾಗಿತ್ತು. ಇವತ್ತು ಹೇಳಲೇಬೇಕು ಅಂತ ಫೋನು ಕಾಯುತ್ತಾ ಕೂತೆ. ಅವಳು, "ಅತ್ತೆ, ಇವತ್ತೇ ಬರುವವಳಿದ್ದೆ. ಅಣ್ಣ ಇನ್ನೊಂದಿನ ಇರು ಅಂತಾನೆ. ಇರ್ಲಾ?" ಅಂದಳು. ಬಾ ಅಂದರೆ ಎರಡು ದಿನದ ಸುಳ್ಳು ಬಯಲಾಗುತ್ತದೆ. ಮಗುವಿನ ಭಯಕ್ಕಿಂತ ಆ ಭಯ ಒಂದು ಗಳಿಗೆ ದೊಡ್ಡದಾಯಿತು. ಖರೆ ಹೇಳುತ್ತಿದ್ದೇನೆ.

"ಇರು. ಎಲ್ಲಾ ಚಲೋ ಅದೆ" ಅಂದೆ.

ಭಾನುವಾರ ನಳಿಗೆ ಮುಟ್ಟಲೇ ಇಲ್ಲ. ಮಗುವಿಗೆ ಹೊಟ್ಟೆ ನೋವು, ಮೈ ಬಿಸಿ. ಜೀರಿಗೆ ಕಷಾಯ ಕೊಟ್ಟೆ, ಕಕ್ಕಿತು. ದೇವರ ಮುಂದೆ ಕಾಯಿ ಇಟ್ಟೆ. ಎಂಟಕ್ಕೆ ಫೋನ್ ಬಂದಾಗ ಎತ್ತಲಿಲ್ಲ, ನಾನಾಗಿಯೂ ಮಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ದೀಪಾ ಬಂದಳು, ಕೈಯಲ್ಲಿ ಮದುವೆಯ ಲಾಡಿನ ಪೊಟ್ಟಣ. ಮಗುವಿನ ಮುಖ ನೋಡಿದ್ದೇ ಪೊಟ್ಟಣ ಕೆಳಗಿಟ್ಟು ಹಿಂದಿನ ಜಗಲಿಗೆ ಹೋದಳು. ನಳಿಗೆ ಹಿಡಿದುಕೊಂಡು ಬಂದು ಕೇಳಿದಳು.

"ಇವತ್ತು ಬೆಳಿಗ್ಗೆ?"

"ನೋಡ್ಲಿಲ್ಲ."

"ನಿನ್ನೆ?"

"ಒಡೆದ ಹಾಲು."

"ಮದುವೆ ದಿನ?"

"ಗಂಜಿತಿಳಿ."

ಅದರ ಹಿಂದಿನ ದಿನದ್ದು ಅವಳು ಕೇಳಲಿಲ್ಲ. ನಾಗಿಯ ಮಗನಿಗೆ ಹೇಳಿ ಆಂಬುಲೆನ್ಸ್ ಕರೆಸಿದಳು. ನಾನೂ ಹತ್ತಿ ಕೂತೆ. ಬೇಡ ಅನ್ನಲಿಲ್ಲ.

ಕಾರವಾರದ ಆಸ್ಪತ್ರೆಯಲ್ಲಿ ಹೊಟ್ಟೆಯ ನೀರಿಗೆ ನಂಜು ಹತ್ತಿದೆ ಅಂದರು. ಎರಡು ದಿನ ಮೊದಲೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. ಡಾಕ್ಟರಮ್ಮ ಕಾಪಿ ಪುಸ್ತಕ ತೆರೆದರು. ತವರಿಗೂ ಅದನ್ನು ಒಯ್ದಿದ್ದ ದೀಪಾ ಫೋನಿನಲ್ಲಿ ಕೇಳಿಕೊಂಡು ಬರೆದಿದ್ದ ಮೂರು ದಿನದ ಸೊನ್ನೆ ಅದರಲ್ಲಿತ್ತು.

"ಇದೇನಮ್ಮಾ? ಮೂರೂ ದಿನ ಏನೂ ಇಲ್ಲ ಅಂತ ಬರೆದಿದ್ದೀರಿ. ಮಗು ಈ ಸ್ಥಿತಿಯಲ್ಲಿದೆ. ನೀವು ನಿಜವಾಗಿ ಪರೀಕ್ಷೆ ಮಾಡಿದ್ರಾ, ಸುಮ್ನೆ ಬರೆದ್ರಾ?"

ನರ್ಸುಗಳು ನೋಡುತ್ತಿದ್ದರು, ಪಕ್ಕದ ಮಂಚದವರೂ ನೋಡುತ್ತಿದ್ದರು. ನಾನು ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದೆ. ದೀಪಾ ನನ್ನ ಕಡೆ ತಿರುಗಲೂ ಇಲ್ಲ.

"ನಾನು ಅಣ್ಣನ ಮದುವೆಗೆ ಹೋಗಿದ್ದೆ, ಮೇಡಂ" ಅಂದಳು. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಕೊಂಡಳು. ಆಗಲೂ ನಾನು ಗೋಡೆ ಬಿಟ್ಟು ಮುಂದೆ ಬರಲಿಲ್ಲ.

ಹದಿನಾಲ್ಕು ದಿನ ಅಲ್ಲಿದ್ದೆವು. ಮೊದಲ ಐದು ದಿನ ಮಗು ಕಣ್ಣು ತೆರೆದರೂ ಯಾರನ್ನೂ ಹುಡುಕುತ್ತಿರಲಿಲ್ಲ. ಸೂಜಿಗೆ ನರ ಸಿಗದೆ ಕೈ, ಕಾಲು ಎಲ್ಲ ಕಡೆ ಚುಚ್ಚುತ್ತಿದ್ದರು. ಚುಚ್ಚಿದಾಗ ಅತ್ತರೆ ಒಳ್ಳೆಯದು ಅಂತ ನರ್ಸ್ ಹೇಳಿದ್ದಳು. ಆದರೆ ಅದು ಅಳುತ್ತಿರಲಿಲ್ಲ. ದೀಪಾ ಸ್ಟೂಲಿನ ಮೇಲೆ ಕೂತು ಅದರ ಹೆಬ್ಬೆರಳು ಹಿಡಿದುಕೊಂಡಿರುತ್ತಿದ್ದಳು. ನಾನು ನೀರು ತರುವುದು, ಚೀಟಿ ಹಿಡಿದು ಔಷಧದ ಅಂಗಡಿಗೆ ಹೋಗುವುದು. ಬೇರೆ ಯಾವ ಕೆಲಸಕ್ಕೂ ನಾನು ಬೇಕಾಗಿರಲಿಲ್ಲ. ಆರನೇ ದಿನ ಸೂಜಿ ಚುಚ್ಚಿದಾಗ ಮಗು ಕಿರುಚಿ ನರ್ಸಿಗೆ ಒದೆಯಿತು. ದೀಪಾ ಆಗ ಮೊದಲ ಸಲ ಅತ್ತಳು.

ನೋಡಲು ಬಂದ ನೆಂಟರೆಲ್ಲ ಅವಳಿಗೇ ಹೇಳಿದರು. ಕಾಯಿಲೆ ಮಗು ಬಿಟ್ಟು ಯಾರಾದರೂ ನಾಲ್ಕು ದಿನ ಮದುವೆ ಮನೆಯಲ್ಲಿ ಕೂರುತ್ತಾರಾ ಅಂತ. ಅವಳು ಅವರಿಗೂ ಚಹಾ ತರಿಸಿಕೊಟ್ಟಳು.

ಆಸ್ಪತ್ರೆಗೆ ನಡುವೆ ಬಂದುಹೋಗಿದ್ದ ಜಟ್ಟು, ನಾವು ಮನೆಗೆ ಬಂದ ಮೇಲಿನ ಶನಿವಾರ ಮತ್ತೆ ಬಂದ. ಊಟಕ್ಕೆ ಕೂತಾಗ ದೀಪಾ ಬಡಿಸುತ್ತಿದ್ದಳು. "ಎಂತಾ, ಮದ್ವೆ ಊಟ ಈಗಾದ್ರೂ ಅರಗ್ತಾ?" ಅಂದ. ಅವಳ ಕೈಯ ಸೌಟು ಅಲ್ಲೇ ನಿಂತಿತು.

"ಅವಳದ್ದಲ್ಲ ಜಟ್ಟು, ನನ್ನದು ತಪ್ಪು" ಅಂದೆ. ಮೂರು ದಿನದ ಸುಳ್ಳನ್ನೂ ಹೇಳಿದೆ. ಅವನು ನನ್ನ ಮುಖ ನೋಡಿದ, ಬಟ್ಟಲು ಸರಿಸಿ ಎದ್ದುಹೋದ. ಆಮೇಲೆ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ದೀಪಾಳಿಗೆ ಹಗುರ ಆಗಬಹುದು ಅಂದುಕೊಂಡಿದ್ದೆ. ಅವಳು ಪಾತ್ರೆ ತೊಳೆಯುವಲ್ಲಿ ಬಂದು ನನಗೇ ರೇಗಿದಳು.

"ಈಗ ಎಂತಕ್ಕೆ ಹೇಳಿದ್ರಿ? ಇನ್ನು ಇವರು ಮಗುನ್ನ ನಿಮ್ಮ ಹತ್ರ ಬಿಡಬೇಡ ಅಂತಾರೆ. ಗೇರುಬೀಜದ ಫ್ಯಾಕ್ಟರೀಲಿ ಬಾ ಅಂದಾರೆ. ನಾ ಕೆಲ್ಸಕ್ಕೆ ಹೋದ್ರೆ ಅದ್ರ ಹತ್ರ ಯಾರು ಇರೂದು? ನಾಗಿ ಇರ್ತಾಳಾ?"

ನಾನು ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

"ನೀವು ಕಂಡದ್ದು ಕಂಡಂಗೆ ಹೇಳಿ. ಅಷ್ಟೇ ಸಾಕು. ನಂಗೆ ಧೈರ್ಯ ಹೇಳ್ಬೇಡಿ" ಅಂದಳು.

ಅವಳು ಕೆಲಸಕ್ಕೆ ಹೋಗತೊಡಗಿದಳು. ಏಳರ ಬಸ್ಸು, ಮಗು ಆಗಿನ್ನೂ ಎದ್ದಿರುವುದಿಲ್ಲ. ಭಾನುವಾರ ನಳಿಗೆ ಅವಳ ಕೈಯಲ್ಲಿ, ಉಳಿದ ದಿನ ನನ್ನ ಕೈಯಲ್ಲಿ. ಗುಳಿಗೆ ಇಳಿಸುತ್ತಾ ಬಂದು ಈ ಚಳಿಗಾಲಕ್ಕೆ ಪೂರ್ತಿ ನಿಲ್ಲಿಸಿದರು. ಇನ್ನು ದಿನಾ ಬೇಡ, ವಾರಕ್ಕೆ ಮೂರು ಸಲ ನೋಡಿದರೆ ಸಾಕು, ಬೆಳ್ಳಗಾದರೆ ಮತ್ತೆ ದಿನಾ ಅಂದರು. ಪ್ರೇಕ್ಷಾ ಈಗ ಮೂರನೇ ಇಯತ್ತೆ. ಶಾಲೆಗೆ ಓಡುತ್ತಾಳೆ, ಬಿದ್ದು ಮೊಣಕಾಲು ಕೆತ್ತಿಕೊಂಡು ಬರುತ್ತಾಳೆ. ಡಾಕ್ಟರಮ್ಮ ನಗುತ್ತಾ ಮಾತಾಡುತ್ತಾರೆ. ಇನ್ನು ಬರುವುದಿಲ್ಲ ಅಂತ ಮಾತ್ರ ಅವರೂ ಹೇಳುವುದಿಲ್ಲ.

ಹೋದ ತಿಂಗಳು ಪ್ರೇಕ್ಷಾಳಿಗೆ ಶೀತ ಆಯಿತು. ಸೋಮವಾರ ಅಕ್ಕಚ್ಚು. ಫೋನ್ ಮಾಡಿ ಹೇಳಿದೆ. "ಹ್ಞೂಂ" ಅಂದಳು ದೀಪಾ. ಮಂಗಳವಾರ ಮತ್ತೆ ಅಕ್ಕಚ್ಚು. ಹೇಳಿದೆ. ಆ ಕಡೆ ಫ್ಯಾಕ್ಟರಿಯ ಯಂತ್ರದ ಸದ್ದು ಕೇಳುತ್ತಿತ್ತು. ಅದರ ನಡುವೆಯೇ "ನಾಳೆ ನೋಡ್ವ" ಅಂದಳು.

ಬುಧವಾರ ನಳಿಗೆ ಕುದಿಯಿತು, ಹುಳಿ ಬಿಟ್ಟೆ, ಏನೂ ಆಗಲಿಲ್ಲ. ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಬೇಲಿಯ ಹತ್ತಿರ ಹೋಗಿ ನಾಗಿಯನ್ನು ಕರೆದೆ.

"ನಾಗಿ, ಇದ್ರಲ್ಲಿ ನಿಂಗೆ ಎಂತಾ ಕಾಣ್ತದೆ?"

"ಉಚ್ಚೆ ಕಾಣ್ತದೆ ಸುಕ್ರಕ್ಕಾ, ಮತ್ತೆಂತಾ ಕಾಣೂದು! ಬೆಳಿಗ್ಗೆ ಬೆಳಿಗ್ಗೆ!"

"ಬೆಳ್ಳಗೆ ಕಾಣ್ತದಾ ಇಲ್ವಾ, ಅಷ್ಟು ಹೇಳು."

ಅವಳು ಬಗ್ಗಿ ನೋಡಿದಳು. "ಇಲ್ಲಾ. ಬಾವಿ ನೀರಿನಂಗೆ ಅದೆ."

ಫೋನ್ ಮಾಡಿದೆ. "ತಿಳಿನೀರು" ಅಂದೆ.

"ಖರೆ?"

"ಖರೆ. ನಾಗಿಗೂ ತೋರ್ಸ್ದೆ."

ದೀಪಾ ಫೋನ್ ಇಟ್ಟಳು. ನಾನು ನಳಿಗೆ ತೊಳೆಯಲಿಲ್ಲ. ಗಾಳಿ ಬೀಳದ ಹಾಗೆ ಜಗಲಿಯ ಮೂಲೆಯ ಗೂಡಿನಲ್ಲಿ ನಿಲ್ಲಿಸಿ, ಮೇಲೊಂದು ಎಲೆ ಮುಚ್ಚಿಟ್ಟೆ. ಸಂಜೆ ಬಂದವಳು ಕಾಲು ತೊಳೆದು ನೇರ ಅಲ್ಲಿಗೇ ಹೋದಳು. ನಳಿಗೆಯನ್ನು ಎತ್ತಿ ಪಡುವಣದ ಬೆಳಕಿಗೆ ಹಿಡಿದಳು. ಮೇಲಿನಿಂದ ನೋಡಿದಳು, ಪಕ್ಕದಿಂದ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಚೆಲ್ಲಿ, ತೊಳೆದು, ಬೋರಲು ಹಾಕಿ ಬಂದಳು. ಪುಸ್ತಕದಲ್ಲಿ ಸೊನ್ನೆ ಬರೆದಳು.

"ಅನ್ನಕ್ಕೆ ಇಟ್ರಾ ಅತ್ತೆ?" ಅಂತ ಕೇಳಿದಳು. ಇಟ್ಟಿದ್ದೇನೆ ಅಂದೆ. ಮರುದಿನ ಬೆಳಿಗ್ಗೆ ಮತ್ತೆ ನೋಡುವುದಿತ್ತು.